ಬಡಿದು ನೋಡಿದರೆ ಸಾಲದು

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರನ್ನು ವಾಚಕರು ನೋಡಿಯೇ ಇರುತ್ತೀರಿ. ಗದಗಿನ ಸಂತೆಯಲ್ಲಿ ನನ್ನ ಅಜ್ಜಿ ಗಡಿಗೆಯನ್ನು ಎಡಗೈಯ ಮೇಲೆ ಕೂಡಿಸಿಕೊಂಡು, ಬಲಗೈಯ ಬೆರಳ ಗೆಣ್ಣಿನಿಂದ ಸುತ್ತಲೂ ಬಡಿದು, ಕಿವಿಗೊಟ್ಟು ಕೇಳುತ್ತಿದ್ದಳು. ದನಿ ಕಂಚಿನಂತೆ ಖಣ್ ಎಂದರೆ ಗಡಿಗೆ ಗಟ್ಟಿ. ಬೊದ್ದು ದನಿ ಬಂದರೆ ಎಲ್ಲಿಯೋ ಕೂದಲೆಳೆಯಷ್ಟು ಸೀಳಿದೆ ಎಂದು ಅರ್ಥ. ಆಕೆ ಶಾಲೆಯ ಮುಖ ಕಂಡವಳಲ್ಲ. ಆದರೆ ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಕಾಣುತ್ತಿದ್ದಳು.

ಅಜ್ಜಿಯ ಈ ವಿದ್ಯೆ ಇಂದಿನ ಮೋಟಾರು ಕಾರ್ಖಾನೆಗಳಲ್ಲಿಯೂ ನಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ಬಿ.ಎ. ಓದಿದವನು, ಸರಕಾರಿ ಕಚೇರಿಯ ಗುಮಾಸ್ತ. ಯಂತ್ರಗಳೆಂದರೆ ದೂರದ ನಮಸ್ಕಾರ. ನಂಬುವಂತೆ ಮಾಡಿದವನು ಪುಣೆಯಲ್ಲಿ ನಮ್ಮ ನೆರೆಮನೆಯ ಧಾರವಾಡದ ಮಿತ್ರರ ಮಗ. ಡಿಪ್ಲೊಮಾ ಮಾಡಿಕೊಂಡು, ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ಕಾರಿನ ಹಿಂಬಾಗಿಲುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಅವರ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕುಳಿತಾಗ ಅವನು ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ತುಂಡನ್ನು ಮುಂದಿಟ್ಟ. ತಿರಸ್ಕೃತವಾದ ಹಿಂಬಾಗಿಲಿನಿಂದ ಕತ್ತರಿಸಿದ ತುಂಡಂತೆ. ಹೊಸಬರಿಗೆ ಕಲಿಸಲು ಇಟ್ಟುಕೊಂಡದ್ದು. “ಕಾಕಾ, ಇದರ ಮೇಲೆ ಒಂದು ನಾಣ್ಯದಿಂದ ಬಡಿಯಿರಿ” ಎಂದ.

ಬಡಿದೆ. ಒಂದು ಕಡೆ ದನಿ ಚುರುಕಾಗಿ, ಬಿಗಿಯಾಗಿ ಬಂತು. ನಾಲ್ಕು ಬೆರಳು ಆಚೆ ಬಡಿದಾಗ ತಗ್ಗಿ, ಬೊದ್ದಾಗಿ, ಟೊಳ್ಳು ಮರ ಬಡಿದಂತೆ ಕೇಳಿಸಿತು. “ಅಲ್ಲಿ ಒಳಗೆ ಅಂಟು ಇಲ್ಲ” ಎಂದ ಹುಡುಗ. ನನಗೆ ಅಜ್ಜಿ ನೆನಪಾದಳು.

ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಅವನನ್ನು ಕೇಳಿ, ಒಂದಿಷ್ಟು ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ. ಇದು ಕೇವಲ ಕಾರಿನ ಮಾತಲ್ಲವೆಂದು ಕೊನೆಯಲ್ಲಿ ನಿಮಗೂ ಅನ್ನಿಸೀತು.

ಮಣ್ಣು, ಹುಲ್ಲು ಮತ್ತು ಕಾರು

ಕಾರಿನ ಮೈ ಎಂದರೆ ಉಕ್ಕಿನ ತಗಡು ಎಂದೇ ನಮ್ಮ ಭಾವನೆ. ಬಹುಪಾಲು ಅದು ನಿಜವೂ ಹೌದು. ಆದರೆ ಉಕ್ಕು ಭಾರ. ಭಾರ ಹೆಚ್ಚಿದಷ್ಟೂ ಎಣ್ಣೆಯ ಖರ್ಚು ಹೆಚ್ಚು. ಅಲ್ಲದೆ ಅದು ತುಕ್ಕು ಹಿಡಿಯುತ್ತದೆ. ಆದುದರಿಂದ ಕೆಲವು ಭಾಗಗಳನ್ನು ಸಂಯುಕ್ತ ವಸ್ತುವಿನಿಂದ ಮಾಡುತ್ತಾರೆ. ಹೆಸರು ದೊಡ್ಡದಾದರೂ ತತ್ವ ನಮ್ಮ ಹಳ್ಳಿಯದೇ. ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ತುಳಿದು ಬೆರೆಸುವುದಿಲ್ಲವೇ? ಬರಿಯ ಮಣ್ಣು ಬಿರಿಯುತ್ತದೆ, ಬರಿಯ ಹುಲ್ಲು ಬಾಗುತ್ತದೆ; ಎರಡೂ ಕೂಡಿದರೆ ಗೋಡೆ ನಿಲ್ಲುತ್ತದೆ. ಇಲ್ಲಿ ಹುಲ್ಲಿನ ಬದಲು ಗಾಜಿನ ಅಥವಾ ಇಂಗಾಲದ ನಾರು. ಮಣ್ಣಿನ ಬದಲು ಗಟ್ಟಿಯಾಗುವ ರಾಳ.

ಇಂಥ ಎರಡು ಫಲಕಗಳನ್ನು ಜೋಡಿಸುವುದು ಹೇಗೆ? ಉಕ್ಕಾದರೆ ಬೆಸುಗೆ ಹಾಕಬಹುದು. ಈ ರಾಳವಾದರೋ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವುದಿಲ್ಲ, ಕಾಯಿಸಿದರೆ ಸುಡುತ್ತದೆ. ತೂತು ಕೊರೆದು ಮೊಳೆ ಹಾಕೋಣವೆಂದರೆ ತೂತು ಬಿದ್ದಲ್ಲೆಲ್ಲ ನಾರು ಕಡಿಯುತ್ತದೆ, ಭಾರವೆಲ್ಲ ಆ ತೂತಿನ ಅಂಚಿಗೇ ಬಂದು ಕೂಡುತ್ತದೆ. ಆದುದರಿಂದ ಉಳಿದ ಒಳ್ಳೆಯ ದಾರಿ ಅಂಟು. ಅಂಟು ಭಾರವನ್ನು ಅಗಲಕ್ಕೂ ಹಂಚುತ್ತದೆ. ನಾನು ಹೇಳುವ ಹಿಂಬಾಗಿಲು ಕೂಡ ಹೀಗೆಯೇ: ಹೊರಗೊಂದು ನುಣುಪಾದ ಚಿಪ್ಪು, ಒಳಗೊಂದು ಏಣುಗಳಿರುವ ಚಿಪ್ಪು, ಎರಡರ ನಡುವೆ ಅಂಚಿನುದ್ದಕ್ಕೂ ಅಂಟಿನ ಪಟ್ಟಿ.

ಅಂಟಿನ ಕಾರುಗಳ ಕಥೆ

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಷೆವ್ರೊಲೆ ಕಂಪನಿಯವರು ೧೯೫೩ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕಾರ್ವೆಟ್ ಎಂಬ ಕಾರನ್ನು ತೋರಿಸಿದರು. ಅದರ ಮೈ ಗಾಜಿನ ನಾರಿನದು. ಅದೇ ವರ್ಷ ಜೂನ್ ಕೊನೆಯಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ತಯಾರಿಕೆ ಆರಂಭವಾಯಿತು. ಆ ವರ್ಷ ಕಟ್ಟಿದವು ೩೦೦ ಮಾತ್ರ, ಎಲ್ಲವೂ ಬಿಳಿ ಬಣ್ಣದವು, ಹೆಚ್ಚಿನದು ಕೈಕೆಲಸ. ಫಲಕ ಫಲಕಗಳ ಅಂಚು ಕೂಡುವಲ್ಲಿ ಹಿಂಬದಿಗೆ ಒಂದು ಪಟ್ಟಿ ಕೊಟ್ಟು ಅಂಟಿಸುತ್ತಿದ್ದರು. ಈಗಲೂ ಹಳೆಯ ಕಾರ್ವೆಟ್ಟು ಕೊಳ್ಳುವ ಜಾಣರು ಮೊದಲು ಕೆಳಗೆ ಬಗ್ಗಿ ಆ ಪಟ್ಟಿಗಳನ್ನು ನೋಡುತ್ತಾರಂತೆ. ಪಟ್ಟಿ ಕದಲಿದ್ದರೆ ಕಾರು ಎಂದೋ ಪೆಟ್ಟು ತಿಂದಿದೆ ಎಂದು ತಿಳಿಯುತ್ತಾರೆ. ಹೊರಗಿನ ಬಣ್ಣ ಸುಳ್ಳು ಹೇಳಬಹುದು, ಒಳಗಿನ ಪಟ್ಟಿ ಹೇಳಲಾರದು.

ಇಂಗ್ಲೆಂಡಿನ ಲೋಟಸ್ ಕಂಪನಿಯವರು ೧೯೫೭ರಲ್ಲಿ ತೋರಿಸಿದ ಎಲೀಟ್ ಕಾರು ಇನ್ನೂ ಮುಂದೆ ಹೋಯಿತು. ಅದಕ್ಕೆ ಕೆಳಗೆ ಬೇರೆ ಉಕ್ಕಿನ ಚೌಕಟ್ಟೇ ಇಲ್ಲ; ಗಾಜಿನ ನಾರಿನ ಮೈಯೇ ಎಲುಬೂ ಆಯಿತು. ಪೂರ್ವ ಜರ್ಮನಿಯಲ್ಲಿ ಉಕ್ಕಿಗೆ ಬರ ಬಂದಾಗ, ತ್ಸ್ವಿಕಾವ್ ಊರಿನ ಕಾರ್ಖಾನೆಯವರು ಹತ್ತಿಯ ಎಳೆಗಳನ್ನು ರಾಳದಲ್ಲಿ ಒತ್ತಿ ಹೊರಮೈ ಮಾಡಿ, ಟ್ರಾಬಾಂಟ್ ಎಂಬ ಬಡವರ ಕಾರನ್ನು ೧೯೫೭ರಿಂದ ೧೯೯೧ರವರೆಗೆ ಮೂವತ್ತು ಲಕ್ಷಕ್ಕೂ ಮೀರಿ ಕಟ್ಟಿದರು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ೧೯೭೦ರ ದಶಕದಲ್ಲಿ ಅಲ್ಲಿ ಬಾದಲ್ ಎಂಬ ಮೂರು ಗಾಲಿಯ, ಗಾಜಿನ ನಾರಿನ ಮೈಯ ಪುಟ್ಟ ಕಾರು ತಯಾರಾಗುತ್ತಿತ್ತು. ಮುಂದೆ ೧೯೮೦ರ ದಶಕದ ಆರಂಭದಲ್ಲಿ ಅದೇ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ ಡಾಲ್ಫಿನ್ ಕಟ್ಟಿದರು. ಅದಕ್ಕೂ ನಾರಿನ ಮೈಯೇ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ಅದರ ಆಟ ಸಾಗಲಿಲ್ಲ. ಆ ಕಾಲದಲ್ಲಿ ಬೆಂಗಳೂರಿನಲ್ಲಿದ್ದ ಹಿರಿಯ ವಾಚಕರಿಗೆ ಆ ಮೋಟುಕಾಲಿನ ಕಾರು ನೆನಪಿರಬಹುದು.

ಈಚಿನ ಉದಾಹರಣೆ ಜರ್ಮನಿಯದು. ಬಿ.ಎಂ.ಡಬ್ಲ್ಯು. ಕಂಪನಿಯವರು ೨೦೧೩ರಿಂದ ೨೦೨೨ರವರೆಗೆ ಲೈಪ್‌ಜಿಗ್ ನಗರದಲ್ಲಿ ಕಟ್ಟಿದ ಐ೩ ಎಂಬ ವಿದ್ಯುತ್ ಕಾರಿನಲ್ಲಿ, ಜನ ಕೂಡುವ ಕೋಶವೆಲ್ಲ ಇಂಗಾಲದ ನಾರಿನದು. ಅದರ ತುಂಡುಗಳನ್ನು ಕೂಡಿಸಿದ್ದು ಬೆಸುಗೆಯಿಂದಲ್ಲ, ಅಂಟಿನಿಂದ. ಅಂದರೆ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹೆದ್ದಾರಿಯಲ್ಲಿ ಓಡುವ ಗಾಡಿಯ ಗಟ್ಟಿತನ ನಿಂತಿರುವುದು ಒಂದೆರಡು ಮಿಲಿಮೀಟರು ದಪ್ಪದ ಅಂಟಿನ ಮೇಲೆ! ಹಾಗಾದರೆ ಆ ಅಂಟು ಹಿಡಿದಿದೆಯೋ ಇಲ್ಲವೋ ನೋಡುವವರು ಯಾರು, ನೋಡುವುದು ಹೇಗೆ?

ಕೆಸುವಿನ ಎಲೆ ಮತ್ತು ಬೆಲ್ಲದ ಪಾಕ

ಪರೀಕ್ಷೆ ಆರಂಭವಾಗುವುದು ಅಂಟಿಸಿದ ಮೇಲಲ್ಲ, ಅಂಟಿಸುವ ಮೊದಲು. ಇದೇ ನಾನು ಕಲಿತ ಮೊದಲ ಪಾಠ.

ಕಚೇರಿಯಲ್ಲಿ ನಾವು ಅಂಚೆ ಚೀಟಿ ಅಂಟಿಸುತ್ತೇವೆ. ಲಕೋಟೆಯ ಮೇಲೆ ಎಣ್ಣೆಯ ಬೆರಳು ತಾಗಿದ್ದರೆ ಎಷ್ಟು ಗೋಂದು ಬಳಿದರೂ ಚೀಟಿ ನಿಲ್ಲದು. ಅಚ್ಚಿನಲ್ಲಿ ಒತ್ತಿ ತೆಗೆದ ಫಲಕಕ್ಕೂ ಇದೇ ದೋಷ. ಅಚ್ಚಿಗೆ ಕಚ್ಚಿಕೊಳ್ಳದಿರಲೆಂದು ಹಾಕಿದ ಮೇಣದಂಥ ಜಿಡ್ಡು ಅದರ ಮೈಮೇಲೆ ಉಳಿದಿರುತ್ತದೆ. ಅಚ್ಚಿನಿಂದ ಬಿಡಿಸಲು ಹಾಕಿದ್ದು ಅಂಟಿನಿಂದಲೂ ಬಿಡಿಸುತ್ತದೆ! ಆದುದರಿಂದ ಫಲಕದ ಅಂಚನ್ನು ಉಜ್ಜಿ, ಒರಸಿ, ಕೆಲವು ಕಡೆ ಜ್ವಾಲೆ ಸೋಕಿಸಿ, ಶುದ್ಧ ಮಾಡುತ್ತಾರೆ.

ಶುದ್ಧವಾಯಿತೆಂದು ತಿಳಿಯುವುದು ಹೇಗೆ? ನೀರು ಹನಿಸಿ ನೋಡುತ್ತಾರೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ದುಂಡಗೆ ನಿಂತು ಉರುಳಿಹೋಗುವುದನ್ನು ಕಂಡಿದ್ದೇವಲ್ಲ! ಫಲಕದ ಮೇಲೆಯೂ ಹನಿ ಹಾಗೆ ದುಂಡಗೆ ನಿಂತರೆ ಜಿಡ್ಡು ಇದೆ ಎಂದು ಅರ್ಥ. ನೀರಿಗೆ ಒಲಿಯದ ಮೈ ಅಂಟಿಗೂ ಒಲಿಯುವುದು ಕಷ್ಟ. ನೀರು ತೆಳ್ಳಗೆ ಹರಡಿ ಪೊರೆಯಂತೆ ನಿಂತರೆ ಮೈ ಶುದ್ಧ.

ಎರಡನೆಯದು ಅಂಟಿನ ಹದ. ಈ ಅಂಟು ಎರಡು ಭಾಗಗಳಲ್ಲಿ ಬರುತ್ತದೆ. ಗೊತ್ತಾದ ಪ್ರಮಾಣದಲ್ಲಿ ಬೆರೆತಾಗ ಗಟ್ಟಿಯಾಗತೊಡಗುತ್ತದೆ. ಬೆರೆಸಿದ ಮೇಲೆ ಕೆಲವೇ ನಿಮಿಷ ಸಮಯ. ಶೇಂಗಾ ಉಂಡಿ ಕಟ್ಟುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಲ್ಲದ ಪಾಕ ಹದಕ್ಕೆ ಬಂದಾಗ ಕಟ್ಟಿದರೆ ಉಂಡಿ. ಮಾತಿಗೆ ಕುಳಿತು ಪಾಕ ಆರಿದರೆ ಪುಡಿ. ಅಂಟೂ ಹಾಗೆಯೇ. ಮೇಲೆ ಕೆನೆ ಕಟ್ಟಿದ ಮೇಲೆ ಫಲಕ ಇಟ್ಟು ಒತ್ತಿದರೆ, ಕೂಡಿದಂತೆ ಕಾಣುತ್ತದೆ, ಕೂಡಿರುವುದಿಲ್ಲ. ಸೆಕೆ, ಚಳಿ, ಗಾಳಿಯ ತೇವ, ಇವೆಲ್ಲ ಹದವನ್ನು ಕೆಡಿಸಬಲ್ಲವು. ಅದಕ್ಕಾಗಿ ಗಂಟೆ ಗಂಟೆಗೂ ಶಾಖವನ್ನೂ ತೇವವನ್ನೂ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕೆಂದು ನಿಯಮವಿದೆ. ವಾಚಕರು ಈ ರಿಜಿಸ್ಟರನ್ನು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಮೂರನೆಯದು ದಪ್ಪ. ಬಹಳ ಬಿಗಿದರೆ ಅಂಟೆಲ್ಲ ಹಿಂಡಿ ಹೊರಬಂದು ನಡುವೆ ಏನೂ ಉಳಿಯದು. ಬಹಳ ಸಡಿಲಾದರೆ ಅಂಟೇ ದುರ್ಬಲ. ಮೇಲೆ ಹೇಳಿದ ಜರ್ಮನಿಯ ಕಾರಿನಲ್ಲಿ ತುಂಡು ತುಂಡುಗಳ ನಡುವೆ ಒಂದೂವರೆ ಮಿಲಿಮೀಟರು ಸಂದನ್ನೇ ಲೆಕ್ಕ ಹಾಕಿ ಬಿಡುತ್ತಿದ್ದರು.

ಕಿವಿ, ಕಣ್ಣು ಮತ್ತು ಕೇಳದ ದನಿ

ಅಂಟಿಸಿ ಆದ ಮೇಲೆ ನಾಣ್ಯದ ಸರದಿ. ಅಂಟು ತುಂಬಿದಲ್ಲಿ ಎರಡು ಚಿಪ್ಪೂ ಒಂದಾಗಿ ಬಿಗಿಯಾದ ದನಿ ಬರುತ್ತದೆ. ಅಂಟು ಇಲ್ಲದಲ್ಲಿ ಮೇಲಿನ ತೆಳು ಚಿಪ್ಪೊಂದೇ ತಮಟೆಯ ಚರ್ಮದಂತೆ ಕಂಪಿಸಿ ಬೊದ್ದು ದನಿ ಕೊಡುತ್ತದೆ. ವಿಮಾನದ ಕೆಲಸಗಾರರೂ ಇಂದಿಗೂ ಹೀಗೆ ಪುಟ್ಟ ಸುತ್ತಿಗೆಯಿಂದ ಬಡಿದು ನೋಡುತ್ತಾರೆ.

ಆದರೆ ಕಿವಿ ಕಿವಿಗೂ ವ್ಯತ್ಯಾಸ. ಕಾರ್ಖಾನೆಯಲ್ಲಿ ಗದ್ದಲ ಬೇರೆ. ಅದಕ್ಕಾಗಿ ನಮ್ಮ ಕಿವಿಗೆ ಕೇಳದ ದನಿಯನ್ನು ಉಪಯೋಗಿಸುತ್ತಾರೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಬಲ್ಲದು. ಈ ಯಂತ್ರದ ದನಿ ಲಕ್ಷಗಟ್ಟಲೆ, ಹಲವು ಸಲ ಹತ್ತಾರು ಲಕ್ಷ ಕಂಪನಗಳದು. ಬಸುರಿಯ ಹೊಟ್ಟೆಗೆ ಲೋಳೆಯಂಥದನ್ನು ಸವರಿ ಮಗುವನ್ನು ನೋಡುತ್ತಾರಲ್ಲ, ಅದೇ ತಂತ್ರ. ದನಿ ಗಟ್ಟಿ ವಸ್ತುವಿನಲ್ಲಿ ಸಾಗುತ್ತದೆ. ನಡುವೆ ಗಾಳಿಯ ಸಂದು ಸಿಕ್ಕರೆ ಅಲ್ಲಿಂದಲೇ ಮಾರ್ದನಿಯಾಗಿ ತಿರುಗುತ್ತದೆ. ತಿರುಗಿ ಬಂದ ಹೊತ್ತನ್ನು ಅಳೆದರೆ ಸಂದು ಎಲ್ಲಿದೆ ಎಂದು ತಿಳಿಯುತ್ತದೆ.

ಇನ್ನೊಂದು ಉಪಾಯ ಶಾಖದ್ದು. ಫಲಕದ ಮೇಲೆ ಕ್ಷಣಕಾಲ ಬಲವಾದ ದೀಪ ಬೆಳಗಿಸಿ, ಶಾಖವನ್ನು ಕಾಣಬಲ್ಲ ಕ್ಯಾಮರಾದಿಂದ ನೋಡುತ್ತಾರೆ. ಅಂಟಿರುವಲ್ಲಿ ಶಾಖ ಒಳಕ್ಕೆ ಇಳಿದುಹೋಗುತ್ತದೆ. ಅಂಟಿಲ್ಲದಲ್ಲಿ ಮೇಲೆಯೇ ಉಳಿದು ಆ ಜಾಗ ಬಿಸಿಯಾಗಿ ಹೊಳೆಯುತ್ತದೆ. ಇನ್ನು ಅಂದವನ್ನು ನೋಡುವ ಪರೀಕ್ಷೆಯೂ ಉಂಟು. ಅಂಟು ಗಟ್ಟಿಯಾಗುವಾಗ ಕುಗ್ಗಿ ಹೊರಚಿಪ್ಪನ್ನು ಒಳಗೆಳೆದರೆ, ಬಣ್ಣ ಬಳಿದ ಮೇಲೆ ಅಲ್ಲೊಂದು ಮಸುಕು ಗೆರೆ ಮೂಡುತ್ತದೆ. ಸಾಲು ದೀಪಗಳ ಕೆಳಗೆ ಕಾರು ನಿಲ್ಲಿಸಿ, ಮೈಮೇಲಿನ ಬೆಳಕಿನ ಪಟ್ಟೆ ಡೊಂಕಾಗಿದೆಯೇ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ.

ಇಷ್ಟೆಲ್ಲ ಕೇಳಿ ನಾನು, “ಹಾಗಾದರೆ ಇನ್ನೇನು, ಎಲ್ಲ ದೋಷವೂ ಸಿಕ್ಕಿಬೀಳುತ್ತದೆ” ಎಂದೆ. ಹುಡುಗ ತಲೆಯಾಡಿಸಿದ. “ಇಲ್ಲ ಕಾಕಾ. ಒಂದು ದೋಷ ಸಿಕ್ಕಿಬೀಳುವುದಿಲ್ಲ.”

ಚುಂಬನದ ಅಂಟು

ಆ ದೋಷಕ್ಕೆ ಇಂಜನಿಯರುಗಳು ಇಟ್ಟ ಹೆಸರು ಚುಂಬನದ ಅಂಟು. ಹೆಸರು ಕೇಳಿ ನಾವು ನಕ್ಕೆವು, ಆದರೆ ವಿಷಯ ನಗೆಯದಲ್ಲ. ಅಂಟು ಇದೆ, ಎರಡೂ ಕಡೆ ತಾಗಿದೆ, ಗಾಳಿಗೆ ಎಡೆಯಿಲ್ಲ. ಆದರೆ ಜಿಡ್ಡಿನಿಂದಲೋ ತೇವದಿಂದಲೋ ಹದ ತಪ್ಪಿದ್ದರಿಂದಲೋ ಅದು ಕಚ್ಚಿಕೊಂಡಿಲ್ಲ. ತುಟಿ ತಾಗಿದೆ, ಮನಸ್ಸು ತಾಗಿಲ್ಲ. ನಾಣ್ಯ ಬಡಿದರೆ ದನಿ ಸರಿ; ಕೇಳದ ದನಿಯೂ ಸರಾಗವಾಗಿ ದಾಟಿಹೋಗುತ್ತದೆ; ಶಾಖವೂ ಇಳಿದುಹೋಗುತ್ತದೆ. ಎಲ್ಲ ಪರೀಕ್ಷೆಯಲ್ಲೂ ಉತ್ತೀರ್ಣ! ಹೊರೆ ಬಿದ್ದ ದಿನ ಮಾತ್ರ ಕೈಕೊಡುತ್ತದೆ.

ಅಂಟು ಇದೆಯೋ ಇಲ್ಲವೋ ಎಂಬುದನ್ನು ಈ ಯಂತ್ರಗಳು ಹೇಳಬಲ್ಲವು. ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದನ್ನು, ಮುರಿಯದೆ, ಖಚಿತವಾಗಿ ಹೇಳಬಲ್ಲ ಯಂತ್ರ ಕಾರ್ಖಾನೆಯಲ್ಲಿಲ್ಲ. ಮುರಿದರೆ ತಿಳಿಯುತ್ತದೆ, ಆದರೆ ಮುರಿದುದನ್ನು ಮಾರುವಂತಿಲ್ಲ.

ಆದುದರಿಂದ ಕೆಲವನ್ನು ಮುರಿಯುತ್ತಾರೆ. ಅದೇ ಫಲಕ, ಅದೇ ಅಂಟು, ಅದೇ ದಿನ; ಎರಡು ಪಟ್ಟಿಗಳನ್ನು ತುದಿಗೆ ತುದಿ ಒಂದರ ಮೇಲೊಂದು ಅಂಟಿಸಿ, ಯಂತ್ರದಲ್ಲಿ ಎರಡೂ ಕಡೆಯಿಂದ ಎಳೆಯುತ್ತಾರೆ. ಅಂಟಿದ ಜಾಗ ಅಂಚೆ ಚೀಟಿಯಷ್ಟು, ೨೫ ಮಿಲಿಮೀಟರು ಚೌಕ. ಚದರ ಮಿಲಿಮೀಟರಿಗೆ ೮ ನ್ಯೂಟನ್ ತಡೆಯುವ ಅಂಟಾದರೆ ಆ ಚೌಕ ೫೦೦ ಕಿಲೋಗ್ರಾಂ ಭಾರವನ್ನು ಹೊರಬಲ್ಲದು. ಐದು ಕ್ವಿಂಟಾಲು ಜೋಳವನ್ನು ಒಂದು ಅಂಚೆ ಚೀಟಿಯ ಆಧಾರದಿಂದ ತೂಗಹಾಕಿದಂತೆ! ಅದೇ ಅಂಟನ್ನು ಅಂಚಿನಿಂದ ಸಿಪ್ಪೆ ಸುಲಿದಂತೆ ಎಬ್ಬಿಸಿದರೆ ಬಹಳ ಕಡಿಮೆ ಬಲಕ್ಕೇ ಬಿಟ್ಟುಬರುತ್ತದೆ. ಇದಕ್ಕಾಗಿಯೇ ಬೇರೆ ಪರೀಕ್ಷೆಯುಂಟು. ಆಗಾಗ ಒಂದು ಪೂರ್ತಿ ಬಾಗಿಲನ್ನೇ ತೆಗೆದುಕೊಂಡು ಉಳಿಯಿಂದ ಮೀಟಿ ಚಿಪ್ಪುಗಳನ್ನು ಕಿತ್ತು ನೋಡುತ್ತಾರೆ. ಕೆಲವು ತುಂಡುಗಳನ್ನು ವಾರಗಟ್ಟಲೆ ಬಿಸಿ ತೇವದಲ್ಲಿಟ್ಟು, ಹೆಪ್ಪುಗಟ್ಟುವ ಚಳಿಗೂ ಸುಡು ಬಿಸಿಲಿನ ಶಾಖಕ್ಕೂ ಒಡ್ಡಿ, ಆಮೇಲೆ ಕೀಳುತ್ತಾರೆ. ಅಂಟಿನ ದೊಡ್ಡ ಶತ್ರು ನೀರು. ಅದು ವರ್ಷಗಳ ಕಾಲ ಮೆಲ್ಲನೆ ಒಳನುಸುಳುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎಷ್ಟು ಭಾರಕ್ಕೆ ಮುರಿಯಿತು ಎಂಬುದಕ್ಕಿಂತ ಹೇಗೆ ಮುರಿಯಿತು ಎಂಬುದನ್ನು ಪರೀಕ್ಷಕರು ಹೆಚ್ಚು ಲಕ್ಷ್ಯವಿಟ್ಟು ನೋಡುತ್ತಾರೆ. ಫಲಕದ ನಾರೇ ಕಿತ್ತು ಬಂದರೆ ಅಂಟು ಫಲಕಕ್ಕಿಂತ ಗಟ್ಟಿ, ಅದು ಉತ್ತಮ. ಅಂಟೇ ನಡುವೆ ಹರಿದು ಎರಡೂ ಕಡೆ ಉಳಿದರೆ ಮಧ್ಯಮ, ಹಿಡಿತವಂತೂ ಸರಿಯಿದೆ. ಅಂಟು ಒಂದು ಕಡೆಯಿಂದ ಪೂರ್ತಿ ಬಿಟ್ಟು, ಆ ಮೈ ತೊಳೆದ ತಟ್ಟೆಯಂತೆ ನುಣ್ಣಗೆ ಉಳಿದರೆ ಅದು ಅಧಮ. ಆಗ ಯಂತ್ರದ ಅಂಕೆ ಎಷ್ಟೇ ದೊಡ್ಡದಿರಲಿ, ಒಪ್ಪುವುದಿಲ್ಲ. ಇಂದು ಹಿಡಿದಿರುವುದು ನಾಳೆ ನೀರು ಸೋಕಿದಾಗ ಬಿಡುತ್ತದೆ ಎಂದು ಅನುಭವಸ್ಥರಿಗೆ ಗೊತ್ತು.

ಒಂದು ವಿಮಾನದ ಛಾವಣಿ

“ಬಿಟ್ಟರೆ ಏನಾದೀತು? ಹಿಂಬಾಗಿಲು ತಾನೇ?” ಎಂದು ನಾನು ಹಗುರಾಗಿ ಕೇಳಿದೆ. ಅವನು ಹೇಳಿದ್ದು ತನ್ನ ತರಬೇತಿಯಲ್ಲಿ ಕಲಿತ ಒಂದು ವಿಮಾನದ ಕಥೆ. ಅದು ನಾರಿನದಲ್ಲ, ಅಲ್ಯೂಮಿನಿಯಂ ತಗಡಿನ ವಿಮಾನ; ಆದರೆ ಪಾಠ ಅಂಟಿನದೇ.

೧೯೮೮ರ ಏಪ್ರಿಲ್ ೨೮ರಂದು ಅಲೋಹಾ ಏರ್‌ಲೈನ್ಸಿನ ಬೋಯಿಂಗ್ ೭೩೭ ವಿಮಾನ ಹವಾಯಿ ದ್ವೀಪಗಳಲ್ಲಿ ಹೀಲೋದಿಂದ ಹೊನೊಲುಲುವಿಗೆ ಹೊರಟಿತು. ೨೪,೦೦೦ ಅಡಿ ಎತ್ತರದಲ್ಲಿ ಅದರ ಮುಂಭಾಗದ ಛಾವಣಿ ಸುಮಾರು ೧೮ ಅಡಿ ಉದ್ದಕ್ಕೆ ಕಿತ್ತು ಹಾರಿಹೋಯಿತು. ಒಬ್ಬ ಗಗನಸಖಿ ಗಾಳಿಗೆ ಸಿಕ್ಕಿ ಹೊರಗೆ ಎಳೆದೊಯ್ಯಲ್ಪಟ್ಟು ತೀರಿಕೊಂಡಳು. ಚಾಲಕರು ತೆರೆದ ಆಕಾಶದ ಕೆಳಗೆ ಕುಳಿತಿದ್ದ ಪ್ರಯಾಣಿಕರೊಡನೆ ಮಾವಿ ದ್ವೀಪದಲ್ಲಿ ವಿಮಾನವನ್ನು ಇಳಿಸಿದ್ದು ಪವಾಡವೇ ಸರಿ.

ತನಿಖೆಯಲ್ಲಿ ತಿಳಿದದ್ದೇನು? ಆ ವಿಮಾನದ ತಗಡುಗಳ ಅಂಚನ್ನು ಒಂದರ ಮೇಲೊಂದು ಇಟ್ಟು ತಣ್ಣಗೆ ಅಂಟಿಸಿ, ಮೇಲೆ ಮೊಳೆಗಳನ್ನೂ ಹೊಡೆದಿದ್ದರು. ಭಾರ ಹೊರಬೇಕಾದದ್ದು ಅಂಟು. ಆ ಅಂಟಿನ ಪಟ್ಟಿಯನ್ನು ಶೀತದಲ್ಲಿಟ್ಟು, ಕೆಲಸದ ಹೊತ್ತಿಗೆ ತೆಗೆಯಬೇಕಾಗಿತ್ತು. ಮೇಲೆ ಇಬ್ಬನಿಯಂತೆ ತೇವ ಕೂತರೂ, ಬೇಗ ಬಿಸಿಯಾದರೂ ಹಿಡಿತ ಕೆಡುತ್ತಿತ್ತು. ಅಂಟು ಬಿಟ್ಟಿತು, ಸಂದಿನಲ್ಲಿ ಸಮುದ್ರದ ಉಪ್ಪು ತೇವ ಸೇರಿತು, ಭಾರವೆಲ್ಲ ಮೊಳೆಯ ತೂತುಗಳ ಮೇಲೆ ಬಿದ್ದು, ೮೯,೬೮೦ ಹಾರಾಟಗಳಲ್ಲಿ ತೂತಿನಿಂದ ತೂತಿಗೆ ಬಿರುಕು ನಡೆಯಿತು. ಸಂಸ್ಥೆಯ ತಪಾಸಣೆ ಅದನ್ನು ಹಿಡಿಯಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕಳು ಬಾಗಿಲ ಬಳಿ ಮೈಮೇಲೆ ಒಂದು ಬಿರುಕನ್ನು ಕಂಡಿದ್ದಳು. ಯಾರಿಗೂ ಹೇಳಲಿಲ್ಲ. ನಮಗೇಕೆ, ಬಲ್ಲವರು ನೋಡಿರುತ್ತಾರೆ ಎಂದುಕೊಂಡಿರಬೇಕು. ನಾವಾಗಿದ್ದರೂ ಹಾಗೆಯೇ ಎಂದುಕೊಳ್ಳುತ್ತಿದ್ದೆವು.

ಅಂಟು ಕೂಡುವ ಜಾಗಗಳನ್ನೇ ಕಡಿಮೆ ಮಾಡುವುದು ಒಂದು ಉಪಾಯ. ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ತೇಜಸ್ ವಿಮಾನಕ್ಕಾಗಿ ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಹಲವು ಇಂಗಾಲ ನಾರಿನ ಭಾಗಗಳನ್ನು, ಬೇರೆ ಬೇರೆ ಮಾಡಿ ಕೂಡಿಸುವ ಬದಲು, ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿದ್ಯೆಯನ್ನು ಸಾಧಿಸಿದರು. ಕನ್ನಡ ನೆಲದ ಈ ಕೆಲಸ ನಮಗೆ ಹೆಮ್ಮೆಯದು. ಆದರೆ ಎಲ್ಲವನ್ನೂ ಹೀಗೆ ಮಾಡಲಾಗದು. ಅಂಟಿನ ಹಂಗು ಪೂರ್ತಿ ತಪ್ಪದು.

ಖಾಲಿ ಉಳಿದ ಮೂರು ಮನೆ

ಈಗ ರಿಜಿಸ್ಟರಿನ ಮಾತು.

ಕಳೆದ ಮಳೆಗಾಲದ ಒಂದು ರಾತ್ರಿ ಪಾಳಿ. ಈ ಹುಡುಗ ಕೆಲಸಕ್ಕೆ ಬಂದಾಗ ಹಿಂದಿನ ಪಾಳಿಯ ರಿಜಿಸ್ಟರಿನಲ್ಲಿ ತೇವ ಬರೆಯುವ ಮೂರು ಮನೆ ಖಾಲಿ ಇದ್ದವು. ಅಳೆಯುವ ಉಪಕರಣ ಕೆಟ್ಟು ನಿಂತಿತ್ತು. ಮೂರು ಗಂಟೆ ಯಾರೂ ಗಮನಿಸಿರಲಿಲ್ಲ. ಆ ಹೊತ್ತಿನಲ್ಲಿ ನಲವತ್ತು ಬಾಗಿಲು ಅಂಟಿ ಹೋಗಿದ್ದವು. ನಾಣ್ಯ ಬಡಿದರೆ ದನಿ ಸರಿ, ಯಂತ್ರದ ವರದಿಯೂ ಸರಿ. ಮೇಲಿನವರು, “ಮೇಲಿನ ಮನೆಯಲ್ಲಿರುವ ಅಂಕೆಯನ್ನೇ ಕೆಳಗೂ ಬರೆದುಬಿಡು, ಬೆಳಿಗ್ಗೆ ಲಾರಿ ಹೋಗಬೇಕು” ಎಂದರು. ಹುಡುಗ ಬರೆಯಲಿಲ್ಲ. ಕೆಂಪು ಶಾಯಿಯಲ್ಲಿ “ಅಳೆಯಲಿಲ್ಲ” ಎಂದು ಬರೆದು ಸಹಿ ಹಾಕಿದ. ಹಾಗೆ ಬರೆದ ಮೇಲೆ ನಲವತ್ತೂ ನಿಲ್ಲಲೇಬೇಕಾಯಿತು. ಲಾರಿ ತಪ್ಪಿತು. ಮರುದಿನ ಎರಡು ಬಾಗಿಲುಗಳನ್ನು ಉಳಿ ಹಾಕಿ ಕಿತ್ತರು. ಎರಡರಲ್ಲೂ ನಾರೇ ಕಿತ್ತು ಬಂತು. ಅಂಟು ಉತ್ತಮವಾಗಿತ್ತು.

ಎರಡು ಬಾಗಿಲು ನಷ್ಟ, ಒಂದು ದಿನ ತಡ. ಹುಡುಗನನ್ನು ಯಾರೂ ಹೊಗಳಲಿಲ್ಲ. ಹಲವು ದಿನ ಮೇಲಿನವರು ಮುಖ ಕೊಟ್ಟು ಮಾತಾಡಲಿಲ್ಲ. ನಮ್ಮ ಮಿತ್ರರಿಗಂತೂ ಸಂಕಟ. “ಪರಊರು, ಕಾಯಂ ಆಗದ ನೌಕರಿ. ಎಲ್ಲ ಸರಿಯೇ ಇತ್ತಲ್ಲ, ಇವನಿಗೇಕೆ ಬೇಕಿತ್ತು?” ಎಂದು ನನ್ನೆದುರು ಹಲುಬಿದರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಕಟ ಹೊಸದಲ್ಲ. ತಲೆ ತಗ್ಗಿಸಿ ನಡೆ, ಕಣ್ಣಿಗೆ ಬೀಳಬೇಡ ಎಂದೇ ನಾವೂ ಮಕ್ಕಳಿಗೆ ಹೇಳಿದ್ದೇವೆ.

ಹುಡುಗ ಒಂದೇ ಮಾತು ಹೇಳಿದ: “ಅಪ್ಪಾ, ಸರಿಯಿತ್ತು ಎಂದು ಈಗ ಗೊತ್ತಾಯಿತು. ಆ ರಾತ್ರಿ ಗೊತ್ತಿರಲಿಲ್ಲ.”

ಮಿತ್ರರು ಸುಮ್ಮನಾದರು. ನಾನೂ ಸುಮ್ಮನಾದೆ, ಆದರೆ ನನ್ನ ಮೌನಕ್ಕೆ ಬೇರೆ ಕಾರಣವಿತ್ತು. ನಮ್ಮ ಕಚೇರಿಯ ಮಾಳಿಗೆಯಲ್ಲಿ ಬೆಂಕಿ ಆರಿಸುವ ಕೆಂಪು ಡಬ್ಬಿಗಳು ಆರು ಇವೆ. ತಿಂಗಳಿಗೊಮ್ಮೆ ಅವುಗಳ ಮುಳ್ಳನ್ನು ನೋಡಿ, ತೂಗುಹಾಕಿದ ಚೀಟಿಯಲ್ಲಿ ಸಹಿ ಮಾಡುವುದು ನನ್ನ ಪಾಲಿನ ಕೆಲಸ. ನಾನು ಮೂರು ತಿಂಗಳ ಸಹಿಯನ್ನು ಒಂದೇ ದಿನ, ಕುರ್ಚಿಯಲ್ಲಿ ಕುಳಿತು, ಚೀಟಿಗಳನ್ನು ಜವಾನನಿಂದ ತರಿಸಿಕೊಂಡು ಮಾಡಿದ್ದೆ. ಕೆಂಪು ಡಬ್ಬಿಯೂ ಅಂಟಿನಂತೆಯೇ. ಹೊರಗಿನಿಂದ ಎಲ್ಲವೂ ಒಂದೇ. ಬೆಂಕಿ ಬಿದ್ದ ದಿನ ಮಾತ್ರ ಗೊತ್ತಾಗುವುದು. ಅಲ್ಲಿಯವರೆಗೆ ಅದರ ಗಟ್ಟಿತನಕ್ಕೆ ಇರುವ ಆಧಾರ ಒಂದೇ, ಚೀಟಿಯ ಮೇಲಿನ ನನ್ನ ಸಹಿ. ಆ ಸಹಿ ಟೊಳ್ಳಾದರೆ ಬಡಿದು ನೋಡುವ ನಾಣ್ಯ ಎಲ್ಲಿದೆ?

ಸೋಮವಾರ ಮೊದಲು ಮಾಡಿದ ಕೆಲಸ ಮಾಳಿಗೆ ಹತ್ತಿದ್ದು. ಆರರಲ್ಲಿ ಎರಡರ ಮುಳ್ಳು ಕೆಂಪು ಗೆರೆಯಲ್ಲಿತ್ತು. ಅಂದೇ ಬರೆದು ಕೊಟ್ಟೆ, ಹಿಂದಿನ ಮೂರು ಸಹಿಗಳು ನೋಡದೆ ಮಾಡಿದವು ಎಂಬುದನ್ನೂ ಸೇರಿಸಿ. ಒಂದು ಲಿಖಿತ ಎಚ್ಚರಿಕೆ ಬಂತು. ಡಬ್ಬಿಗಳೂ ಬದಲಾದವು.

ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಆಕೆ ಗಡಿಗೆ ಬಡಿದು ನೋಡುತ್ತಿದ್ದಳು, ನಿಜ. ಆದರೆ ಎಲ್ಲ ಅಂಗಡಿಯ ಗಡಿಗೆಯನ್ನೂ ಬಡಿಯುತ್ತಿರಲಿಲ್ಲ. ಸಂತೆಯ ಮೂಲೆಯಲ್ಲಿ ಕೂಡುತ್ತಿದ್ದ ಒಬ್ಬನೇ ಕುಂಬಾರನ ಹತ್ತಿರ ಹೋಗಿ, ಯಾವ ಕೆರೆಯ ಮಣ್ಣು, ಎಂದು ಸುಟ್ಟದ್ದು, ಮಳೆ ಬಂದಿತ್ತೇ ಎಂದು ಕೇಳುತ್ತಿದ್ದಳು. ಅವನು ಒಮ್ಮೊಮ್ಮೆ, “ಈ ಸಲದ್ದು ಬೇಡವ್ವ, ಆವಿಗೆ ಸರಿಯಾಗಿ ಕಾಯಲಿಲ್ಲ” ಎಂದು ತಾನೇ ಹೇಳಿ ಕಳಿಸುತ್ತಿದ್ದನಂತೆ. ಅಂದು ಅವನಿಗೆ ವ್ಯಾಪಾರ ತಪ್ಪುತ್ತಿತ್ತು. ಅಜ್ಜಿ ಮುಂದಿನ ಸಂತೆಗೂ ಅವನ ಹತ್ತಿರವೇ ಹೋಗುತ್ತಿದ್ದಳು.